ಅಧ್ಯಕ್ಷರ ಸೋಫಾ

ಊರುಗಳಲ್ಲಿ ಆಟ ಶುರುವಾಗುವ ಮೊದಲು ಗಣಪತಿಗೆ ಪೂಜೆಯಾಗುತ್ತದೆ. ಪುಟ್ಟೇನಹಳ್ಳಿ ಕೆರೆಯ ಹಿಂದಿನ ನಮ್ಮ ಬಡಾವಣೆಯಲ್ಲಿ ಮೊದಲ ಪೂಜೆ ನಿವಾಸಿಗಳ ಸಂಘದ ಅಧ್ಯಕ್ಷರಾದ ವಿಜಯಕುಮಾರ್ ಅವರಿಗೆ. ಗಣಪತಿ ತಡವಾಗಿ ಬಂದದ್ದನ್ನು ಯಾರೂ ಕಂಡಿಲ್ಲ. ಅಧ್ಯಕ್ಷರು ಹೊತ್ತಿಗೆ ಸರಿಯಾಗಿ ಬಂದದ್ದನ್ನೂ ಯಾರೂ ಕಂಡಿಲ್ಲ. ಇಬ್ಬರಿಗೂ ಹಾರ ಮಾತ್ರ ತಪ್ಪುವುದಿಲ್ಲ.

ಸಂಘದ ಕಟ್ಟಡದ ಮಹಡಿಯಲ್ಲಿ ಒಂದು ಹಾಲ್ ಇದೆ. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮೈತ್ರೇಯಿಯ ಹವ್ಯಾಸಿ ತಂಡ ಅಲ್ಲಿ ನಾಟಕದ ತಾಲೀಮು ಮಾಡುತ್ತಿತ್ತು. ಈಗ ಅರ್ಧ ಹಾಲಿಗೆ ಜಿಮ್ ಬರಬೇಕೆಂದು ಅಧ್ಯಕ್ಷರ ತಲೆಗೆ ಹೊಕ್ಕಿತ್ತು. ಯೋಗದವರು, ಭಜನೆಯವರು, ನಾಟಕದವರು, ಇವರಲ್ಲಿ ಯಾರು ಉಳಿಯಬೇಕು, ಯಾರು ಹೊರಡಬೇಕು ಎಂಬ ಪಟ್ಟಿ ಮುಂದಿನ ಸೋಮವಾರ ನೋಟೀಸ್ ಬೋರ್ಡಿಗೆ ಬರುವುದಿತ್ತು. ಭಾನುವಾರದ ನಾಟಕ ನೋಡಿದ ಮೇಲೆ ಬರೆಯುತ್ತೇನೆ ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದರು.

ಅಧ್ಯಕ್ಷರನ್ನು ನಗಿಸುವ ಹೊಣೆ ತಂಡದಲ್ಲಿ ಕರಿಬಸವಯ್ಯನವರದು. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಪೌರಾಣಿಕ ನಾಟಕಗಳ ದ್ವಾರಪಾಲಕನ ಪಾತ್ರ ಮಾಡಿ ಜನರನ್ನು ನಗಿಸಿದವರು. ಗುಮಾಸ್ತರಾಗಿ ನಿವೃತ್ತರಾದ ಮೇಲೆ ಈ ಹಾಲಿನ ಬಾಗಿಲಿಗೇ ಕಾವಲು ನಿಂತ ಹಾಗಾಗಿತ್ತು. ಅಧ್ಯಕ್ಷರ ಮೊಮ್ಮಗಳ ನಾಮಕರಣದಲ್ಲಿ ಕೋತಿಯ ಹಾಗೆ ನಡೆದಿದ್ದರು. ಅವರ ಹೊಸ ಮನೆಯ ಗೃಹಪ್ರವೇಶದಲ್ಲಿ ಮೇಕೆಯ ದನಿಯಲ್ಲಿ ಮಾತಾಡಿದ್ದರು. ಹಾಲಿನ ಕೀಲಿಕೈ ಹನ್ನೊಂದು ವರ್ಷ ಅವರ ಸೊಂಟದಲ್ಲೇ ಉಳಿದಿತ್ತು.

ಈ ಸಲದ ನಾಟಕದ ಕಥೆ ಹೀಗೆ. ಎರಡನೇ ಮಹಾಯುದ್ಧದ ಕಾಲ, ಹಾಲೆಂಡಿನ ಒಂದು ಶಿಬಿರ. ಹಿಟ್ಲರನ ಜನ ಹಿಡಿದು ತಂದ ಯಹೂದಿಗಳನ್ನು ಅಲ್ಲಿ ಕೂಡಿಹಾಕಿದ್ದಾರೆ. ಮಂಗಳವಾರ ಮಂಗಳವಾರ ಅಲ್ಲಿಂದ ಒಂದು ರೈಲು ಪೂರ್ವಕ್ಕೆ ಹೊರಡುತ್ತದೆ. ಹತ್ತಿದವರ ಸುದ್ದಿ ಬರುವುದಿಲ್ಲ. ಸೆರೆಯಾದವರಲ್ಲಿ ಬರ್ಲಿನ್ನಿನ ರಂಗದ ಮೇಲೆ ಹೆಸರು ಮಾಡಿದ ಹಾಡುಗಾರರು, ಕುಣಿಯುವವರು, ಹಾಸ್ಯಗಾರರು ಇದ್ದಾರೆ. ಶಿಬಿರದ ಅಧಿಕಾರಿಗೆ ತಮಾಷೆಯೆಂದರೆ ಪ್ರಾಣ. ಅವನು ಮುಂದಿನ ಸಾಲಿನಲ್ಲಿ ಕೂತು ನಗುವಷ್ಟು ದಿನ ಇವರ ಹೆಸರು ರೈಲಿನ ಪಟ್ಟಿಗೆ ಬರುವುದಿಲ್ಲ. ಒಂದು ದಿನ ಬರುತ್ತದೆ.

ಮೈತ್ರೇಯಿ ಒಂದು ಉಪಾಯ ಮಾಡಿದ್ದಳು. ಅಧಿಕಾರಿಯ ಪಾತ್ರಧಾರಿ ವೇದಿಕೆ ಹತ್ತುವುದೇ ಇಲ್ಲ. ಪ್ರೇಕ್ಷಕರ ಮುಂದಿನ ಸಾಲಿನಲ್ಲೇ ಒಂದು ಸೋಫಾ, ಅದರ ಮೇಲೆ ಅವನು. ಕೊನೆಯ ದೃಶ್ಯದಲ್ಲಿ ಎಮಿಲ್ ಎಂಬ ಹಾಸ್ಯಗಾರ ತಟ್ಟೆಯಲ್ಲಿ ಪಟ್ಟಿ ಇಟ್ಟುಕೊಂಡು ಹೋಗಿ ಕೊಡುತ್ತಾನೆ. ಅಧಿಕಾರಿ ಎದ್ದು ನಿಂತು ಹೆಸರು ಓದುತ್ತಾನೆ. ಎಮಿಲ್ ಆಗಿ ಕರಿಬಸವಯ್ಯನವರು, ಅಧಿಕಾರಿಯಾಗಿ ಬ್ಯಾಂಕಿನ ಶ್ರೀಕರ್.

ಅನುಮತಿಗೆಂದು ಹೋದಾಗ ಅಧ್ಯಕ್ಷರು ಕಥೆಯನ್ನು ಪೂರ್ತಿ ಕೇಳಿದರು.

"ಯಹೂದಿಗಳು ಅಂದ್ರೆ... ಅವರು ವೆಜ್ಜಾ?"

"ಅದು ನಾಟಕದಲ್ಲಿ ಬರಲ್ಲ ಸಾರ್," ಎಂದಳು ಮೈತ್ರೇಯಿ.

"ಹೋಗ್ಲಿ ಬಿಡಿ. ಏನೇ ಹೇಳಿ ಮೇಡಂ, ಹಿಟ್ಲರ್ ಅಂದ್ರೆ ಡಿಸಿಪ್ಲೀನು. ನಮ್ಮ ಪಾರ್ಕಿಂಗ್ ಗಲಾಟೆಗೆ ಅಂಥೋನೊಬ್ಬ ಬೇಕಿತ್ತು."

ಮೈತ್ರೇಯಿ ಬಾಯಿ ತೆರೆಯುವುದರೊಳಗೆ ಕರಿಬಸವಯ್ಯನವರು ಮೇಕೆಯ ದನಿ ತೆಗೆದರು. "ಅವನಿದ್ದಿದ್ರೆ ಸಾರ್, ನಿಮ್ಮ ಮೂರನೇ ಕಾರು ಎಲ್ಲಿ ನಿಲ್ಲಿಸ್ತಿದ್ರಿ?"

ಅಧ್ಯಕ್ಷರು ಮೇಜು ಬಡಿದು ನಕ್ಕರು. "ಅಯ್ಯೋ ನಿಮ್ಮ! ಕರಿಬಸವಯ್ಯನವ್ರೆ, ನೀವಿರೋವರ್ಗೂ ಈ ತಂಡಕ್ಕೆ ಏನೂ ಆಗಲ್ಲ."

ಮೆಟ್ಟಿಲಿಳಿಯುತ್ತಾ ಮೈತ್ರೇಯಿ ಕೇಳಿದಳು. "ಅಂಕಲ್, ನೀವಿರೋವರ್ಗೂ ಏನೂ ಆಗಲ್ಲ ಅನ್ನೋ ಮಾತು ನಮ್ಮ ನಾಟಕದಲ್ಲೂ ಇದೆ ಅಲ್ವಾ?"

"ಇದೆಯಮ್ಮ. ಎರಡನೇ ದೃಶ್ಯ. ಅಧಿಕಾರಿ ಎಮಿಲ್‌ಗೆ ಹೇಳೋದು," ಎಂದರು ಅವರು, ಮೇಕೆಯ ದನಿ ಬಿಟ್ಟು.

ಭಾನುವಾರ ಸಂಜೆ ಬಣ್ಣ ಹಚ್ಚಿಕೊಳ್ಳುವಾಗ ಕರಿಬಸವಯ್ಯನವರು ಹಣೆಯ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಅಂಗಿಯ ಒಳಗೆ ತಳ್ಳಿದರು. "ಎಮಿಲ್‌ನೂ ತನ್ನ ದೇವರನ್ನ ಹೀಗೇ ಒಳಗಿಟ್ಕೊಂಡಿರ್ತಾನೆ," ಎಂದರು ಯಾರಿಗೂ ಅಲ್ಲದೆ. ಕಣ್ಣು ಮುಚ್ಚಿ ಒಂದು ಕ್ಷಣ ಕೂತರು. ತಾನು ಆಡಲಿರುವವನೂ ಒಂದು ಕಾಲಕ್ಕೆ ಹೀಗೆಯೇ ಕನ್ನಡಿಯ ಮುಂದೆ ಕೂತಿದ್ದ, ಅವನಿಗೆ ಅದು ಆಟವಾಗಿರಲಿಲ್ಲ ಎಂಬ ಯೋಚನೆ ಬಂತು. ಹಾಸ್ಯಗಾರನ ಕೆಂಪು ಮೂಗನ್ನು ಎತ್ತಿ ತಮ್ಮ ಮೂಗಿನ ಮೇಲೆ ಸಿಕ್ಕಿಸಿಕೊಂಡರು.

ಆರು ಗಂಟೆಗೆ ಶುರುವಾಗಬೇಕಿದ್ದ ನಾಟಕ ಆರೂವರೆಯವರೆಗೆ ಅಧ್ಯಕ್ಷರಿಗಾಗಿ ಕಾಯಿತು. ಅವರು ಸಾರಕ್ಕಿ ಸಿಗ್ನಲ್ಲಿನಲ್ಲಿದ್ದಾರೆ ಎಂದು ಮೂರು ಸಲ ಫೋನ್ ಬಂತು. ಕೊನೆಗೆ ಮೈತ್ರೇಯಿ ಪರದೆ ಎತ್ತಿಸಿದಳು. ಶ್ರೀಕರ್ ಎತ್ತರದ ಬೂಟು, ಬೂದು ಕೋಟು, ಚರ್ಮದ ಪಟ್ಟಿ ತೊಟ್ಟು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನೋಡಿದರೆ ಹೆದರಿಕೆಯಾಗಬೇಕು, ಹಾಗಿದ್ದ.

ಹತ್ತು ನಿಮಿಷವಾಗಿತ್ತು. ಹಿಂದಿನ ಬಾಗಿಲಿನಿಂದ ಅಧ್ಯಕ್ಷರು ಬಂದರು. ಮುಂದೆ ಮುಂದೆ ಅವರ ಕೈಯಾಳು ರಘು. ಕತ್ತಲಲ್ಲಿ ಮೊಬೈಲ್ ಬೆಳಕು ಬಿಡುತ್ತಾ ಬಂದವನು ಸೋಫಾದ ಬಳಿ ನಿಂತು, ಶ್ರೀಕರನ ಭುಜ ತಟ್ಟಿದ.

"ಸಾರ್, ಸ್ವಲ್ಪ ಏಳ್ರಿ. ಅಧ್ಯಕ್ಷರು ಬಂದ್ರು."

ಶ್ರೀಕರ್ ಎದ್ದುಬಿಟ್ಟ.

ಅರ್ಧ ಯುರೋಪನ್ನು ನಡುಗಿಸಿದ ಸೈನ್ಯದ ಬೂಟು ಅವನ ಕಾಲಲ್ಲಿತ್ತು. ಆ ಬೂಟಿನೊಳಗೆ ಇಪ್ಪತ್ತೆರಡು ವರ್ಷ ಮ್ಯಾನೇಜರುಗಳು ಬಂದಾಗಲೆಲ್ಲ ಎದ್ದು ನಿಂತ ಕಾಲಿತ್ತು. ಕಾಲೇ ಗೆದ್ದಿತು. "ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಸೋಫಾವನ್ನು ಕೈಯಿಂದ ಒರೆಸಿಯೂ ಕೊಟ್ಟು, ಹೋಗಿ ನೀರಿನ ಕ್ಯಾನಿನ ಪಕ್ಕದ ಗೋಡೆಗೆ ಒರಗಿದ.

ವೇದಿಕೆಯ ಮೇಲೆ ರೋಸಾ ಎಂಬ ಹಾಡುಗಾರ್ತಿಯಾಗಿದ್ದ ಪ್ರೇರಣಾಗೆ ಅರ್ಧ ಸಾಲು ಮರೆತೇಹೋಯಿತು. ಕರಿಬಸವಯ್ಯನವರು ಅವಳನ್ನು ನಗೆಮಾತಿನಲ್ಲೇ ಮುಂದಕ್ಕೆ ದೂಡಿದರು. ಬೇರೆ ದಾರಿ ಇರಲಿಲ್ಲ. ಪ್ರತಿ ಹಾಡಾದ ಮೇಲೂ ಸೋಫಾದ ಕಡೆ ಬಗ್ಗಿ ನಮಸ್ಕರಿಸಬೇಕು, ನಮಸ್ಕರಿಸಿದರು. ಪ್ರತಿ ತಮಾಷೆಯಾದ ಮೇಲೂ ಅಧಿಕಾರಿ ನಕ್ಕನೋ ಇಲ್ಲವೋ ಎಂದು ಎಲ್ಲರೂ ಉಸಿರು ಹಿಡಿದು ಅತ್ತ ನೋಡಬೇಕು, ನೋಡಿದರು.

ಇಷ್ಟು ಮರ್ಯಾದೆಯನ್ನು ಅಧ್ಯಕ್ಷರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. "ಸಖತ್!" ಎಂದರು. "ರಘು, ವಿಡಿಯೋ ಮಾಡೋ!" ಎಂದರು. ಎಮಿಲ್ ಹಸಿವಿನಿಂದ ಬಿದ್ದು, ಅಧಿಕಾರಿ ನೋಡಿಬಿಟ್ಟನೆಂದು ಬಿದ್ದದ್ದನ್ನೇ ಲಾಗ ಮಾಡಿ ತೋರಿಸುವ ಜಾಗದಲ್ಲಿ ಅವರು ಹೊಟ್ಟೆ ಹಿಡಿದುಕೊಂಡರು. ಹಿಂದಿನ ಸಾಲಿನಲ್ಲಿ ಭಜನಾ ಮಂಡಳಿಯ ಈಶ್ವರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕೊನೆಯ ದೃಶ್ಯ ಬಂತು. ತಟ್ಟೆ ಹಿಡಿದು ಕರಿಬಸವಯ್ಯನವರು ರಂಗದ ಅಂಚಿಗೆ ಬಂದರು. ಪಕ್ಕದ ಪರದೆಯ ಮರೆಯಿಂದ ಮೈತ್ರೇಯಿ ಗೋಡೆಯತ್ತ ಬೆರಳು ತೋರಿಸಿದಳು. ನೀರಿನ ಕ್ಯಾನಿನ ಬಳಿಯಿಂದ ಶ್ರೀಕರ್, ಇಲ್ಲಿ ಕೊಡಿ, ಇಲ್ಲಿ, ಎಂದು ಕೈ ಬೀಸಿದ. ಅಲ್ಲಿಗೆ ಒಯ್ದರೆ ಎಲ್ಲವೂ ಸಲೀಸು. ಅಧ್ಯಕ್ಷರು ನಕ್ಕುಕೊಂಡೇ ಮನೆಗೆ ಹೋಗುತ್ತಾರೆ, ಸೋಮವಾರದ ಪಟ್ಟಿಯಲ್ಲಿ ತಂಡ ಉಳಿಯುತ್ತದೆ. ಕರಿಬಸವಯ್ಯನವರು ಅಂಗಿಯ ಮೇಲಿನಿಂದಲೇ ಒಮ್ಮೆ ಕರಡಿಗೆಯನ್ನು ಮುಟ್ಟಿಕೊಂಡರು. ಅಧಿಕಾರಿ ಎಲ್ಲಿ ಕೂತಿದ್ದನೋ ಆ ಸೋಫಾದತ್ತಲೇ ನಡೆದರು.

ತಟ್ಟೆ ಕಂಡೊಡನೆ ಅಧ್ಯಕ್ಷರಿಗೆ ಮುಂದಿನದು ತಿಳಿದೇಹೋಯಿತು. ಇಪ್ಪತ್ತು ವರ್ಷದಲ್ಲಿ ಅವರ ಮುಂದೆ ಬಂದ ಬಹುಮಾನ ವಿತರಣೆಯ ತಟ್ಟೆಗಳೆಷ್ಟು! ಎದ್ದು ಕೋಟಿನ ಗುಂಡಿ ಹಾಕಿಕೊಂಡು ರಘುವಿನಿಂದ ಮೈಕ್ ತರಿಸಿಕೊಂಡರು.

"ಎಲ್ಲರಿಗೂ ನಮಸ್ಕಾರ. ನಾನು ಹೆಸರು ಕರೆದೋರು ಒಬ್ಬೊಬ್ಬರಾಗಿ ಮುಂದೆ ಬರಬೇಕು ಅಂತ ಕೇಳ್ಕೊತೀನಿ. ಮೊದಲನೇದಾಗಿ... ರೋಸಾ! ಜೋರಾಗಿ ಚಪ್ಪಾಳೆ!"

ಜನ ಚಪ್ಪಾಳೆ ತಟ್ಟಿದರು. ಪ್ರೇರಣಾ ತಲೆಯ ಗರಿಯ ಟೋಪಿ ತೆಗೆದು ನೆಲದ ಮೇಲಿಟ್ಟಳು. ಸಣ್ಣ ಪೆಟ್ಟಿಗೆ ಹಿಡಿದು ವೇದಿಕೆಯಿಂದಿಳಿದು, ಕುರ್ಚಿಗಳ ನಡುವೆ ಹಾದು, ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು.

"ಅರೆ, ನಾಚ್ಕೊಂಡ್ಬಿಟ್ಟಳು. ನೆಕ್ಸ್ಟು, ಯೋನಾಸ್! ಚಪ್ಪಾಳೆ!"

ಈ ಸಲ ಚಪ್ಪಾಳೆ ಅರ್ಧಕ್ಕೆ ನಿಂತಿತು. ಯೋನಾಸ್ ಪಿಟೀಲು ಕೆಳಗಿಟ್ಟು ನಡೆದ. ಮೂರನೆಯವಳು ಲಿಯಾ, ಕುಣಿಯುವ ಗೆಜ್ಜೆ ಬಿಚ್ಚಿಟ್ಟು ನಡೆದಳು. "ಏನ್ರೀ, ಕೈಗೆ ಏನಾಗಿದೆ ನಿಮಗೆ? ಚಪ್ಪಾಳೆ ತಟ್ರೀ!" ಎಂದು ಅಧ್ಯಕ್ಷರು ಗದರಿದರು. ತಾವೊಬ್ಬರೇ ತಟ್ಟಿದರು.

"ಕೊನೇದಾಗಿ ನಮ್ಮೆಲ್ಲರ ಅಚ್ಚುಮೆಚ್ಚಿನ... ಎಮಿಲ್!"

ಕರಿಬಸವಯ್ಯನವರು ಕೆಂಪು ಮೂಗು ಕಿತ್ತು ತಟ್ಟೆಯಲ್ಲಿಟ್ಟರು. ನಾಟಕದಲ್ಲಿ ಎಮಿಲ್ ಇಲ್ಲಿ ಒಂದು ಪ್ರಶ್ನೆ ಕೇಳಬೇಕು, ಅಧಿಕಾರಿ ಉತ್ತರ ಕೊಡಬಾರದು. ಅವರು ಕೇಳಿದರು.

"ಇವತ್ತು ನಾನು ನಿಮ್ಮನ್ನ ನಗಿಸಲಿಲ್ವಾ ಸ್ವಾಮಿ?"

"ಅಯ್ಯೋ, ತುಂಬಾ ನಗಿಸಿದ್ರಿ! ಹೊಟ್ಟೆ ನೋಯ್ತಾ ಇದೆ," ಎಂದರು ಅಧ್ಯಕ್ಷರು ಮೈಕಿನಲ್ಲಿ, ಅವರ ಬೆನ್ನು ತಟ್ಟುತ್ತಾ. "ಹೂಂ, ಹೋಗಿ, ಹೋಗಿ. ನೆಕ್ಸ್ಟ್ ಯಾರು?"

ನೆಕ್ಸ್ಟ್ ಯಾರೂ ಇರಲಿಲ್ಲ. ವೇದಿಕೆಯ ಮೇಲೆ ಟೋಪಿ, ಪಿಟೀಲು, ಗೆಜ್ಜೆ ಇದ್ದವು. ಹಿಂದಿನ ಬಾಗಿಲು ಕೊನೆಯ ಸಲ ಮುಚ್ಚಿಕೊಂಡಿತು. 

"ಮೊಮೆಂಟೊ ಎಲ್ಲೋ ರಘು?" ಎಂದು ಅಧ್ಯಕ್ಷರು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಈಶ್ವರಮ್ಮ ಎದ್ದರು. "ಕೂತ್ಕೊಳಪ್ಪ," ಎಂದರು. "ಅವರನ್ನೆಲ್ಲ ರೈಲಿಗೆ ಕಳಿಸಿದ್ದಾಯ್ತಲ್ಲ ನೀನು."

ಸೋಮವಾರ ಬೆಳಿಗ್ಗೆ ಕರಿಬಸವಯ್ಯನವರು ಹಾಲ್ ಗುಡಿಸುತ್ತಿದ್ದಾಗ ಅಧ್ಯಕ್ಷರೇ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನೋಟೀಸ್ ಬೋರ್ಡಿನ ಪಟ್ಟಿ ಇತ್ತು.

"ಹಾಲ್ ನಿಮ್ಗೇ ಕೊಡ್ತೀನಿ ಕರಿಬಸವಯ್ಯನವ್ರೆ. ಎಲ್ಲಾ ನನ್ನ ಆಕ್ಟಿಂಗ್ ಹೊಗಳ್ತಾವ್ರೆ. ಆದ್ರೆ ಈಶ್ವರಮ್ಮ ವಾಕಿಂಗಲ್ಲಿ ಮುಖ ತಿರುಗಿಸ್ಕೊಂಡು ಹೋದ್ರು ನೋಡಿ, ಅದು ಸರಿಯಿಲ್ಲ. ಮುಂದಿನ ಶೋನಲ್ಲಿ ಆ ಪಾತ್ರ ನಂದೇ. ಕೊನೇಲಿ ಲಿಸ್ಟ್ ಹರಿದು ಹಾಕಿ ಎಲ್ರನ್ನೂ ಬಿಟ್ಬಿಡ್ತೀನಿ. ಒಳ್ಳೇ ಮೆಸೇಜು. ಏನಂತೀರಾ?"

ಹೇಳಿ, ಅವರು ಕಾದರು. ಕರಿಬಸವಯ್ಯನವರ ಬಾಯಿಂದ ಒಂದು ಮೇಕೆಯೋ ಕೋತಿಯೋ ಹೊರಡುವುದು ಹನ್ನೊಂದು ವರ್ಷದ ರೂಢಿ.

"ಅವರು ಹೋದದ್ದು ಹೋದದ್ದೇ ಸಾರ್," ಎಂದರು ಕರಿಬಸವಯ್ಯನವರು ತಮ್ಮದೇ ದನಿಯಲ್ಲಿ. "ಈಗ ನಾಟಕದಲ್ಲಿ ಬಿಡಿಸಿಕೊಂಡು ಬಂದ್ರೆ, ಕಳಿಸಿದೋರಿಗೆ ನಾವೇ ಹಾರ ಹಾಕಿದ ಹಾಗಾಗುತ್ತೆ."

ಅಧ್ಯಕ್ಷರು ಅಭ್ಯಾಸಬಲದಿಂದ ನಕ್ಕರು. ಜೊತೆಗೆ ಯಾರೂ ನಗದಿದ್ದುದರಿಂದ ನಗು ನಡುವೆ ನಿಂತಿತು. ಕರಿಬಸವಯ್ಯನವರು ಸೊಂಟದಿಂದ ಕೀಲಿಕೈ ಬಿಚ್ಚಿ ಸೋಫಾದ ಮೇಲಿಟ್ಟು, ಪೊರಕೆಯನ್ನು ಮೂಲೆಯಲ್ಲಿ ನಿಲ್ಲಿಸಿ, ಮೆಟ್ಟಿಲಿಳಿದರು. ಮಧ್ಯಾಹ್ನ ಬೋರ್ಡಿಗೆ ಬಂದ ಪಟ್ಟಿಯಲ್ಲಿ ನಾಟಕದವರ ಹೆಸರು ಹೊರಡುವವರ ಕಡೆ ಇತ್ತು.

ಮುಂದಿನ ಭಾನುವಾರ ಈಶ್ವರಮ್ಮ ಹೇಳಿ ಕೊಡಿಸಿದ ಜಾಗದಲ್ಲಿ, ಸಾರಕ್ಕಿಯ ಹಳೆಯ ಈಶ್ವರನ ಗುಡಿಯ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಸೋಫಾ ಇರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಶ್ರೀಕರ್ ಬೂಟು ಹಾಕಿಕೊಂಡು ಕೂತ. ಗುಡಿಯೆಂದು ಬೂಟಿನ ಕೆಳಗೆ ಪೇಪರ್ ಹಾಸಿದ್ದರು.

"ಶ್ರೀಕರ್, ಈ ಸಲ ಯಾರು ಬಂದ್ರೂ ಏಳ್ಬೇಡಿ," ಎಂದಳು ಮೈತ್ರೇಯಿ.

"ಏಳಲ್ಲ ಮೇಡಂ."

ಎರಡನೇ ದೃಶ್ಯ ನಡೆಯುವಾಗ ಗುಡಿಯ ಧರ್ಮದರ್ಶಿ ಶಂಭುಲಿಂಗಪ್ಪನವರು ಹೆಗಲ ಮೇಲೆ ಶಲ್ಯ ಸರಿಪಡಿಸಿಕೊಳ್ಳುತ್ತಾ ಒಳಗೆ ಬಂದರು. ಕರಿಬಸವಯ್ಯನವರ ಮಾತು ಅರ್ಧಕ್ಕೆ ನಿಂತಿತು. ಅವರ ಕಣ್ಣು, ಪ್ರೇರಣಾಳ ಕಣ್ಣು, ಎಲ್ಲರ ಕಣ್ಣೂ ಶ್ರೀಕರನ ಮಂಡಿಗಳ ಮೇಲೆ ನಿಂತವು. ಪೇಪರ್ ಪರಪರ ಎಂದಿತು. ಶ್ರೀಕರ್ ಎರಡೂ ಕೈಯಿಂದ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ. 

ಏಳಲಿಲ್ಲ.

ಶಂಭುಲಿಂಗಪ್ಪನವರು ಸುತ್ತ ನೋಡಿ, ನೆಲದ ಮೇಲೆ ಈಶ್ವರಮ್ಮನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು. "ಶುರು ಮಾಡ್ರಪ್ಪ, ನಿಲ್ಲಿಸ್ಬಿಟ್ರಲ್ಲ," ಎಂದರು.