ತಣ್ಣಗಿದ್ದ ಚಕ್ರ

ಗಾಜಿನ ಕೆಲಸದವರ ಮನೆಯಲ್ಲಿ ಯಾರೂ ಬಾಗಿಲನ್ನು ದಡಾರನೆ ಹಾಕುವುದಿಲ್ಲ. ನಮ್ಮ ಪುಟ್ಟಿ ಸ್ಟೀಲ್ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ಸದ್ದಾಗದಂತೆ ನೆಲಕ್ಕಿಡುತ್ತಾಳೆ. ಬಂದ ನೆಂಟರು "ಎಷ್ಟು ಒಳ್ಳೆ ಮಗು" ಅನ್ನುತ್ತಾರೆ. ಒಡೆಯುತ್ತದೆ ಎಂಬ ಅಂಜಿಕೆ ಮೈಗೆ ಹತ್ತಿ ಹತ್ತಿ ಗುಣವಾಗಿಬಿಟ್ಟಿದೆ, ಅಷ್ಟೆ.

ನಮ್ಮ ಹಳೇ ಪಿಕಪ್ ಗಾಡಿ ಆ ವಾರ ಪೂರ್ತಿ ಕೈಕೊಟ್ಟಿತ್ತು. ರಿಪೇರಿ ಮಾಡುವವನು ಎಂಜಿನ್ ನೋಡಿ, ಇನ್ನು ಇದು ಓಡಲ್ಲ ಅಂತ ಕೈ ಒರೆಸಿಕೊಂಡ. ವಾರ ಮುಗಿದ ಮರುದಿನ ಬೆಳಿಗ್ಗೆ ಹೊಸ ಆಸ್ಪತ್ರೆಯೊಂದರ ಮುಂಬಾಗಿಲಿನ ಗಾಜು ಇಳಿಸಬೇಕಿತ್ತು. ಅದು ಹೊತ್ತಿಗೆ ಸರಿಯಾಗಿ ತಲುಪಿದರೆ ಆ ಕಟ್ಟಡದ ಎಲ್ಲ ಕಿಟಕಿಗಳೂ ನಮ್ಮವು ಎಂದಿದ್ದರು ಗುತ್ತಿಗೆದಾರರು. ತಲುಪದಿದ್ದರೆ ಏನು ಅಂತ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಾಡಿಗೆ ಗಾಡಿಗಳಲ್ಲಿ ಗಾಜು ಒರಗಿಸುವ ಸ್ಟ್ಯಾಂಡು ಇರುವುದಿಲ್ಲ. ಗಾಜು ಅಂದ ಕೂಡಲೇ ಡ್ರೈವರ್‌ಗಳು "ನಮ್ಮ ಕೈಲಾಗಲ್ಲ" ಅಂತ ದೂರ ಸರಿಯುತ್ತಾರೆ.

ನಮಗೆ ಬೇಕಾಗಿದ್ದದ್ದು ಒಂದೇ ಗಾಡಿ, ಆದರೆ ಅದಕ್ಕೆ ಎರಡು ಬಾಳು. ಹಗಲು ಗಾಜು ಹೊರಬೇಕು. ಬೆಳಿಗ್ಗೆ ಪುಟ್ಟಿಯನ್ನು ಶಾಲೆಗೆ ಬಿಟ್ಟು, ಸಂಜೆ ಕರೆತಂದು, ದಾರಿಯಲ್ಲಿ ಅಕ್ಕಿ ತರಕಾರಿ ಹಾಕಿಕೊಂಡು ನಮ್ಮ ಓಣಿಯೊಳಗೆ ತಿರುಗಬೇಕು. ಈ ಎರಡನೆಯ ಬಾಳು ನನ್ನ ಪಾಲಿನದು. ಹಾಗಾಗಿ ನೋಡಿದ ಗಾಡಿಗಳಲ್ಲೆಲ್ಲ ನಮ್ಮ ಯಜಮಾನರು ಹಿಂದೆ ನಿಂತು ಬಾಡಿಯ ಉದ್ದ ಅಳೆದರೆ, ನಾನು ಮುಂದೆ ಕೂತು ನಡುವಿನ ಸೀಟಿನ ಬೆಲ್ಟ್ ಎಳೆದೆಳೆದು ನೋಡುತ್ತಿದ್ದೆ. ಒಂದರ ಬಾಡಿ ಗಿಡ್ಡ. ಒಂದು ಎಷ್ಟು ಉದ್ದವೆಂದರೆ ನಮ್ಮ ಓಣಿಗೆ ಹಿಮ್ಮುಖವಾಗಿಯೇ ಬರಬೇಕು. ಒಂದಕ್ಕೆ ಹೊಸ ಬಣ್ಣ ಬಳಿದಿದ್ದರು, ಉಗುರು ತಾಗಿಸಿದರೆ ಕೆಳಗೆ ತುಕ್ಕು.

ಕೊನೆಗೆ, ಗಾಜು ಇಳಿಸುವ ಹಿಂದಿನ ದಿನ, ಸಿಕ್ಕಿದ್ದು ಕನ್ನಡಿ ತಾತನ ಗಾಡಿ. ಊರಿನ ಇನ್ನೊಂದು ತುದಿಯಲ್ಲಿ ಕನ್ನಡಿ ಅಂಗಡಿ ಇಟ್ಟಿದ್ದವರು, ಮಂಡಿನೋವಿಗೆ ಅಂಗಡಿ ಮುಚ್ಚುತ್ತಿದ್ದರು. ನಮ್ಮದೇ ಕಸುಬಿನವರು, ಸುಳ್ಳು ಹೇಳುವ ಮನುಷ್ಯರಲ್ಲ ಅಂತ ಎಲ್ಲರಿಗೂ ಗೊತ್ತು. ಪುಟ್ಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವು ಹೋದಾಗ ಅಂಗಳದಲ್ಲಿ ಗಾಡಿ ತೊಳೆದು ನಿಲ್ಲಿಸಿದ್ದರು.

"ನೋಡಿ, ನಿಧಾನವಾಗಿ ನೋಡಿ," ಅಂದರು ತಾತ. "ಆದ್ರೆ ಸಂಜೆಗೆ ಇಟ್ಟಿಗೆಯವನು ಬರ್ತಾನೆ. ನೀವು ಬೇಡ ಅಂದ್ರೆ ಅವನಿಗೆ ಅಂತ ಮಾತು ಕೊಟ್ಟಿದ್ದೀನಿ."

"ಅವನ ಇಟ್ಟಿಗೆ ಹೊರೋಕೆ ಇಂಥ ಗಾಡಿನಾ?" ಅಂದರು ಇವರು. "ಕುದುರೆ ಕೈಲಿ ಗೊಬ್ಬರ ಹೊರಿಸಿದ ಹಾಗೆ."

ನೋಡಿದ ಕ್ಷಣವೇ ಇವರಿಗೆ ಅದು ಒಪ್ಪಿಗೆಯಾಗಿದೆ ಅಂತ ಆ ಮಾತಿನಲ್ಲೇ ತಿಳಿಯಿತು. ಸ್ಟ್ಯಾಂಡು ಗಟ್ಟಿಯಾಗಿತ್ತು, ಅದಕ್ಕೆ ಸುತ್ತಿದ ಕಂಬಳಿ ಕೂಡ ಚೊಕ್ಕಟ. ಬಾಡಿಯ ಉದ್ದ ನಮಗೆಂದೇ ಅಳೆದ ಹಾಗಿತ್ತು. ನಡುವಿನ ಸೀಟಿನ ಬೆಲ್ಟ್ ಎಳೆದರೆ ಬಿಗಿಯಿತು.

ಗಾಡಿ ಪರೀಕ್ಷೆಗೆ ನಮ್ಮವರದ್ದೊಂದು ಕ್ರಮವಿದೆ. ಹಳೇ ಗಾಜಿನ ಹಾಳೆಯೊಂದನ್ನು ಸ್ಟ್ಯಾಂಡಿಗೆ ಸಡಿಲವಾಗಿ ಕಟ್ಟಿ, ಕಿಟಕಿ ಇಳಿಸಿ, ಯಾರೂ ಮಾತಾಡದೆ ಓಡಿಸುವುದು. ಕೆಳಗಿನ ಚಾಸಿ ಚೌಕಟ್ಟು ಸೊಟ್ಟಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಗಾಜು ಕಟಕಟಿಸಿ ಹೇಳಿಬಿಡುತ್ತದೆ. ಇವರು ಓಡಿಸಿದರು, ಆಮೇಲೆ ತಾತ ಓಡಿಸಿದರು. ಹೊಂಡ, ತಿರುವು, ಇಳಿಜಾರು, ಎಲ್ಲ ಆಯಿತು. ಗಾಜು ಉಸಿರೆತ್ತಲಿಲ್ಲ.

"ಮುಗೀತು," ಅಂದರು ಇವರು ಅಂಗಳದಲ್ಲಿ ಇಳಿಯುತ್ತಾ. ಮುಖದಲ್ಲಿ ಮದುಮಗನ ಕಳೆ. "ಇನ್ನೇನು ನೋಡೋದಿದೆ?"

ನನಗೆ ಒಂದು ಸಣ್ಣ ವಿಷಯ ಕಾಡುತ್ತಿತ್ತು. ತಾತ ಓಡಿಸುವಾಗ ನಾನು ಅವರ ಪಕ್ಕದಲ್ಲಿದ್ದೆ. ಪ್ರತಿ ಸಲ ನಿಲ್ಲಿಸುವಾಗಲೂ ಅವರ ಎಡಗೈ ಸ್ಟೇರಿಂಗನ್ನು ಕೂದಲೆಳೆಯಷ್ಟು ಕೆಳಕ್ಕೆ, ಎಡಕ್ಕೆ, ಎಳೆಯುತ್ತಿತ್ತು. ರಸ್ತೆ ನೇರವಾಗಿದ್ದಾಗಲೂ. ಇಳಿದವಳೇ ಮುಂದಿನ ಬಲಚಕ್ರದ ಹತ್ತಿರ ಕೂತು ಹಿಂಗೈ ಒಡ್ಡಿದೆ. ಒಳಗಿಂದ ಬಿಸಿ ಬಡಿಯಿತು. ಆ ಕಡೆ ಹೋಗಿ ಎಡಚಕ್ರಕ್ಕೆ ಒಡ್ಡಿದೆ. ತಣ್ಣಗಿತ್ತು. ಇನ್ನೊಂದು ಸಲ ಬಲಕ್ಕೆ, ಇನ್ನೊಂದು ಸಲ ಎಡಕ್ಕೆ.

"ಏನಮ್ಮ, ಚಕ್ರಕ್ಕೆ ಜ್ವರ ಬಂದಿದೆಯಾ?" ಅಂದರು ತಾತ.

"ಒಂದಕ್ಕೆ ಇದೆ ತಾತ, ಒಂದಕ್ಕೆ ಇಲ್ಲ. ಬ್ರೇಕ್ ಹಿಡಿದಾಗ ಎರಡೂ ಬಿಸಿಯಾಗಬೇಕು. ಎಡಗಡೆದು ಕೆಲಸ ಮಾಡ್ತಿಲ್ಲ ಅನ್ಸುತ್ತೆ."

ತಾತನ ನಗು ಅಲ್ಲೇ ನಿಂತಿತು. "ಇಷ್ಟು ವರ್ಷ ಓಡಿಸಿದ್ದೀನಿ. ಒಂದು ಕನ್ನಡಿ ಒಡೆದಿಲ್ಲ. ಮೊಮ್ಮಗಳನ್ನ ದಿನಾ ಶಾಲೆಗೆ ಬಿಟ್ಟಿದ್ದೀನಿ. ಈಗ ನನ್ನ ಗಾಡಿಗೆ ಬ್ರೇಕಿಲ್ಲ ಅಂತೀಯಾ?"

"ತಾತ, ನೀವು ಬೇಜಾರು ಮಾಡ್ಕೋಬೇಡಿ," ಅಂದರು ಇವರು. ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಮೊಸರಲ್ಲಿ ಕಲ್ಲು ಹುಡುಕಬೇಡ ಮಹರಾಯ್ತಿ. ನಾನೂ ಓಡಿಸಿದೆನಲ್ಲ. ನಿಲ್ಲಿಸಿದಲ್ಲೆಲ್ಲ ನಿಂತಿತು."

"ಹೇಗೆ ನಿಲ್ಲಿಸಿದ್ರಿ?"

"ಹೇಗೆ ಅಂದ್ರೆ? ಎಲ್ಲರೂ ನಿಲ್ಲಿಸೋ ಹಾಗೆ."

ಅಲ್ಲೇ ನನಗೆ ಹೊಳೆದದ್ದು. ಎಲ್ಲರೂ ಹಾಗೆ ನಿಲ್ಲಿಸುವುದಿಲ್ಲ. ಗಾಜು ಹೊತ್ತವರು ದೂರದಿಂದಲೇ ಕಾಲು ಸಡಿಲಿಸಿ, ಮೆತ್ತಗೆ ಒತ್ತಿ, ಗಾಡಿಗೇ ಗೊತ್ತಾಗದಂತೆ ನಿಲ್ಲಿಸುತ್ತಾರೆ. ತಾತನೂ ಹಾಗೆ, ಇವರೂ ಹಾಗೆ, ನಾನೂ ಹಾಗೆ. ಅಷ್ಟು ನಯವಾಗಿ ಒತ್ತಿದರೆ ಒಂದು ಕಡೆಯ ಬ್ರೇಕ್ ಸತ್ತಿದ್ದರೂ ಕೈ ತಾನಾಗಿ ಸರಿದೂಗಿಸಿಕೊಂಡುಬಿಡುತ್ತದೆ. ನಮ್ಮ ಪರೀಕ್ಷೆಯೆಲ್ಲ ಗಾಜಿನದು. ಬ್ರೇಕನ್ನು ನಾವು ಯಾರೂ ಪರೀಕ್ಷಿಸಿಯೇ ಇರಲಿಲ್ಲ.

"ಗಾಜು ಬಿಚ್ಚಿ ಕೆಳಗಿಡಿ," ಅಂದೆ. "ನಾನು ಓಡಿಸ್ತೀನಿ. ಗಾಜಿಲ್ಲದವರ ಹಾಗೆ."

ಗೋದಾಮುಗಳ ಹಿಂದೆ ಅಗಲವಾದ ಖಾಲಿ ರಸ್ತೆಯೊಂದಿತ್ತು. ರಜೆಯ ದಿನವಾದ್ದರಿಂದ ಬಾಗಿಲುಗಳೆಲ್ಲ ಮುಚ್ಚಿದ್ದವು. ತಾತ ನಡುವೆ ಕೂತರು, ಮಂಡಿಗಳನ್ನು ಒತ್ತಿ ಹಿಡಿದುಕೊಂಡು. ಇವರು ಕಿಟಕಿಯ ಕಡೆ, ನನ್ನತ್ತ ನೋಡದೆ. ನಾನು ವೇಗ ಏರಿಸಿದೆ. ಒಂದು ದೀಪದ ಕಂಬವನ್ನು ಗುರುತಿಟ್ಟುಕೊಂಡು, ಅಲ್ಲಿಗೆ ಬಂದಾಗ ಜೋರಾಗಿ ಒತ್ತಬೇಕು ಅಂದುಕೊಂಡೆ. ಕಂಬ ಬಂತು. ಗಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಂತಿತು.

"ನೇರ ನಿಲ್ತಲ್ಲ," ಅಂದರು ತಾತ.

"ನಾನು ಒತ್ತಲೇ ಇಲ್ಲ ತಾತ."

ಮತ್ತೆ ತಿರುಗಿಸಿಕೊಂಡು ಬಂದೆ. ಮತ್ತೆ ಹಾಗೇ. ಒತ್ತು ಅಂತ ತಲೆ ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಹಿಂದೆ ಗಾಜು ಇಲ್ಲ ಅಂತ ಅದಕ್ಕೆ ಯಾರು ಹೇಳಬೇಕು?

"ರೀ, ನಾನು ಕಾಯದೇ ಇರೋ ಹೊತ್ತಲ್ಲಿ ನಿಲ್ಲಿಸು ಅಂತ ಕೂಗಿ."

"ನನ್ನ ಕೈಲಾಗಲ್ಲ. ಇದೆಲ್ಲ ಹುಚ್ಚು. ಇಟ್ಟಿಗೆಯವನು ಅಂಗಳಕ್ಕೆ ಬಂದು ಕೂತಿರ್ತಾನೆ. ಬೆಳಿಗ್ಗೆ ಗಾಜನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ?"

ಗಾಡಿ ತಿರುಗಿಸಿದೆ. ಮೂರನೇ ಸಲ ಹೊರಟೆ. ಗೋದಾಮಿನ ಶಟರ್‌ಗಳು ಒಂದೊಂದಾಗಿ ಹಿಂದೆ ಸರಿದವು. ಕಂಬ ಇನ್ನೂ ದೂರವಿತ್ತು.

"ಪುಟ್ಟೀ!"

ಇವರು ಕಿರುಚಿದ್ದು ನನ್ನ ಕಿವಿಗೆ ಬೀಳುವ ಮುಂಚೆಯೇ ಕಾಲು ಪೂರ್ತಿ ಇಳಿದಿತ್ತು. ಗಾಡಿಯ ಮೂತಿಯನ್ನು ಯಾರೋ ಹಿಡಿದು ಬಲಕ್ಕೆ ತಿರುವಿದ ಹಾಗಾಯಿತು. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಿತು. ಹಿಂಭಾಗ ಜಾರಿ ಅಡ್ಡಕ್ಕೆ ಬಂತು. ರಸ್ತೆ ಕಿಟಕಿಯ ಪಕ್ಕದಿಂದ ಸರಿದುಹೋಯಿತು, ಎದುರಿಗೆ ಗೋದಾಮಿನ ಗೋಡೆ ದೊಡ್ಡದಾಗುತ್ತಾ ಬಂತು. ಸುಟ್ಟ ರಬ್ಬರಿನ ವಾಸನೆ. ಆಮೇಲೆ ಎಂಜಿನ್ ಕೂಡ ನಿಂತುಹೋಗಿ, ಸ್ಟ್ಯಾಂಡಿನ ಒಂದು ಕಂಬಿ ಗುಂಯ್ ಎನ್ನುತ್ತಿದ್ದದ್ದು ಮಾತ್ರ ಕೇಳಿಸಿತು.

ಗೋಡೆಗೂ ಗಾಡಿಗೂ ನಡುವೆ ಒಬ್ಬ ಮನುಷ್ಯ ಮೈ ಓರೆಮಾಡಿ ನುಸುಳುವಷ್ಟು ಜಾಗ ಉಳಿದಿತ್ತು. ಎದುರಿನಿಂದ ವಾಹನ ಬರಬೇಕಾದ ಕಡೆ ನಾವು ಅಡ್ಡಲಾಗಿ ನಿಂತಿದ್ದೆವು.

"ಯಾಕ್ರೀ ಅವಳ ಹೆಸರು ಕೂಗಿದ್ರಿ?" ಅಂದೆ.

"ಬೇರೆ ಏನು ಕೂಗಿದ್ರೂ ನಿನ್ನ ಕಾಲು ಕೇಳ್ತಿರಲಿಲ್ಲ," ಅಂದರು. ಅವರ ತುಟಿ ಬೆಳ್ಳಗಾಗಿತ್ತು.

ತಾತ ಡ್ಯಾಶ್‌ಬೋರ್ಡಿಗೆ ಒತ್ತಿದ್ದ ಎರಡೂ ಕೈಗಳನ್ನು ಇನ್ನೂ ತೆಗೆದಿರಲಿಲ್ಲ. "ನನ್ನ ಮೊಮ್ಮಗಳು ಇಲ್ಲೇ ಕೂರ್ತಿದ್ಲು," ಅಂದರು. "ನಾನು ಕೂತಿರೋ ಜಾಗದಲ್ಲೇ. ಒಂದು ದಿನಾನೂ... ಒಂದು ದಿನಾನೂ ನನಗೆ ಜೋರಾಗಿ ಒತ್ತೋ ಪ್ರಸಂಗ ಬರಲಿಲ್ಲ."

ವಾಪಸ್ಸು ಬರುವಾಗ ಇವರೇ ಓಡಿಸಿದರು, ಹೆಣ ಹೊತ್ತವರ ಹಾಗೆ. ಅಂಗಳದ ಗೇಟಿನ ಹತ್ತಿರ ತಾತ ಬಾಗಿಲು ತೆಗೆಯಲು ಇಳಿದಾಗ ಇವರು ನನ್ನ ಕಡೆ ಬಗ್ಗಿದರು.

"ಕೇಳು. ಉಳಿದಿದ್ದೆಲ್ಲ ಸರಿಯಿದೆ. ಇಂಥದ್ದು ಇನ್ನು ಸಿಗಲ್ಲ. ಇವತ್ತೇ ತಗೊಳ್ಳೋಣ, ಬೆಳಿಗ್ಗೆ ಗಾಜು ಇಳಿಸಿ ಬರೋಣ, ಆಮೇಲೆ ಬ್ರೇಕ್ ಮಾಡಿಸೋಣ. ಒಂದು ಸಲ. ಮೆಲ್ಲಗೆ ಓಡಿಸ್ತೀನಿ."

"ನೀವು ಮೆಲ್ಲಗೆ ಓಡಿಸ್ತೀರಿ. ಎದುರಿಗೆ ಬರೋರು?"

"ಒಂದೇ ಒಂದು ಸಲ ಕಣೇ. ಎಲ್ಲ ಕಿಟಕಿಗಳೂ ಹೋಗ್ತವೆ. ಕೈಗೆ ಬಂದ ತುತ್ತು."

ಆ ಕಿಟಕಿಗಳ ಅಳತೆ ತೆಗೆದವಳು ನಾನೇ. ಒಂದೊಂದು ಕಿಟಕಿಯೂ ಕಣ್ಣ ಮುಂದೆ ಬಂತು. ಜೊತೆಗೇ ಆ ಗೋದಾಮಿನ ಗೋಡೆಯೂ.

ಇಟ್ಟಿಗೆಯವನು ಬಂದು ಕೂತಿದ್ದ. ತಲೆಗೂದಲಿನಲ್ಲೂ ಕೆಂಪು ಧೂಳು, ಕೈಯಲ್ಲಿ ಕಡಲೇಕಾಯಿಯ ಪೊಟ್ಟಣ. ನಮ್ಮ ಗಾಜಿನ ಹಾಳೆಯ ಪಕ್ಕದಲ್ಲೇ ಸಿಪ್ಪೆ ಉದುರಿಸುತ್ತಿದ್ದ.

"ಏನ್ ತಾತ, ಸಂಬಂಧ ಕುದುರಿತಾ? ಇಲ್ಲ ನನಗೇ ಗಂಟುಬಿತ್ತಾ?" ಅಂದ ನಗುತ್ತಾ. "ಇವರದ್ದು ಗಾಜಿನ ಜೀವ ತಾತ. ನೂರು ಸಲ ಮುಟ್ಟಿ ನೋಡ್ತಾರೆ. ನಾನು ಹಾಗಲ್ಲ, ಕೀಲಿ ಕೊಟ್ರೆ ಹೊರಟೆ."

ತಾತ ಕೀಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದರು. ಅವರು ಏನು ಹೇಳುತ್ತಾರೋ ನನಗೆ ತಿಳಿದಿರಲಿಲ್ಲ. ಅವರು ಸುಮ್ಮನಿದ್ದರೂ ಯಾರೂ ಅವರನ್ನು ಬೈಯುವಂತಿರಲಿಲ್ಲ.

"ಬ್ರೇಕು ಒಂದು ಕಡೆ ಹಿಡೀತಿಲ್ಲಪ್ಪ," ಅಂದರು ಕೊನೆಗೆ. "ನನಗೂ ಈಗಲೇ ಗೊತ್ತಾಗಿದ್ದು. ಜೋರಾಗಿ ಒತ್ತಿದ್ರೆ ಅಡ್ಡಕ್ಕೆ ತಿರುಗುತ್ತೆ."

"ಅಯ್ಯೋ, ಇಷ್ಟೇನಾ?" ಇಟ್ಟಿಗೆಯವನು ಸಿಪ್ಪೆ ಊದಿದ. "ಕೊಡಿ ಇತ್ಲಾಗೆ. ಈ ವಾರ ಲೋಡ್ ಜಾಸ್ತಿ ಇದೆ, ಅದು ಮುಗಿದ ಮೇಲೆ ಮಾಡಿಸಿಕೊಳ್ತೀನಿ. ಅಲ್ಲೀವರೆಗೂ ಮೆಲ್ಲಗೆ ಓಡಿಸಿದ್ರಾಯ್ತು."

ನಾನು ಇವರ ಮುಖ ನೋಡಿದೆ. ಈಗಷ್ಟೇ ಗೇಟಿನ ಬಳಿ ತಾವೇ ಆಡಿದ ಮಾತು, ಬೇರೆಯವನ ಬಾಯಿಂದ, ಕಡಲೇಕಾಯಿಯ ಚೂರುಗಳ ಜೊತೆ ಹೊರಬಂದಿತ್ತು. ಇವರು ಇಟ್ಟಿಗೆಯವನನ್ನೇ ನೋಡುತ್ತಾ ನಿಂತರು. ಆ ಗಾಡಿ ತುಂಬ ಇಟ್ಟಿಗೆ ಹೇರಿಕೊಂಡು ಪುಟ್ಟಿಯ ಶಾಲೆಯ ಮುಂದೆ ಹಾದುಹೋಗುವುದು ಇವರಿಗೂ ಕಂಡಿರಬೇಕು.

"ಕೊಡಬೇಡಿ ತಾತ," ಅಂದರು. "ಯಾರಿಗೂ ಕೊಡಬೇಡಿ."

"ಅರೆ! ನೀವೇನು ಅಡ್ಡಬಾಯಿ ಹಾಕೋದು? ತಗೊಳ್ಳೋದೂ ಇಲ್ಲ, ಬಿಡೋದೂ ಇಲ್ಲ."

"ತಗೊಳ್ತೀವಿ. ನೇರ ನಿಂತ ಮೇಲೆ. ಅದೆಷ್ಟು ದಿನ ಆದ್ರೂ."

ಇಟ್ಟಿಗೆಯವನು ತಾತನ ಕಡೆ ನೋಡಿದ. ತಾತ ಕೀಲಿಯನ್ನು ಅಂಗಿಯ ಒಳಜೇಬಿಗೆ ಇಳಿಬಿಟ್ಟರು. "ಮಾಡಿಸೋ ಜವಾಬ್ದಾರಿ ನಂದು," ಅಂದರು. ಇಟ್ಟಿಗೆಯವನು ನಮ್ಮ ಮೂವರನ್ನೂ ಒಮ್ಮೆ ನೋಡಿ, "ಒಂದೇ ಮೊಲೆ ಹಾಲು ಕುಡಿದೋರು ನೀವೆಲ್ಲ," ಅಂತ ಗೊಣಗಿ, ಪೊಟ್ಟಣ ಮುದುಡಿ ಎಸೆದು ಹೊರಟುಹೋದ.

ಇವರು ಗುತ್ತಿಗೆದಾರರಿಗೆ ಫೋನ್ ಮಾಡುತ್ತಾ ಗೋಡೆಯ ಕಡೆ ಮುಖ ಮಾಡಿದರು. "ನಮಸ್ಕಾರ ಸರ್. ಬೆಳಿಗ್ಗೆ ಆಗಲ್ಲ ಸರ್... ಗಾಡಿ ಇದೆ. ಇದೆ, ಆದ್ರೆ ಓಡಿಸೋ ಹಾಗಿಲ್ಲ... ಇಲ್ಲ ಸರ್, ನೆಪ ಅಲ್ಲ..." ಆಮೇಲೆ ಬರೀ "ಹೂಂ" ಅನ್ನುತ್ತಿದ್ದರು. ಆ ಹೂಂಗಳ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ನನಗೆ ನಿಂತು ಕೇಳಲಾಗಲಿಲ್ಲ. ಗಾಡಿಯ ಸೀಟಿನ ಹಿಂದಿದ್ದ ಜಾಕ್, ನಟ್ಟು ಬಿಚ್ಚುವ ಪಾನ ತೆಗೆದು ಎಡಚಕ್ರದ ಪಕ್ಕ ಕೂತೆ. ನಟ್ಟುಗಳು ತುಕ್ಕು ಹಿಡಿದು ಬಿಗಿದಿದ್ದವು. ತಾತ ನೋವಿನ ಮಂಡಿಯನ್ನು ಹಿಡಿದುಕೊಂಡೇ ಬಂದು, ಹಿಂದಿನ ಚಕ್ರಕ್ಕೊಂದು ಕಲ್ಲು ಒತ್ತರಿಸಿ ಇಟ್ಟರು.

ಇವರು ಬಂದು ಪಕ್ಕದಲ್ಲಿ ನಿಂತರು.

"ಏನಂತೆ?"

"ಬೇರೆಯವರನ್ನ ನೋಡ್ಕೊಳ್ತಾರಂತೆ. ಕಿಟಕಿಗಳನ್ನೂ."

ನಾನು ಪಾನದ ಮೇಲೆ ಇನ್ನಷ್ಟು ಭಾರ ಹಾಕಿದೆ. ನಟ್ಟು ಕದಲಲಿಲ್ಲ.

"ಸರಿ, ಜರುಗು," ಅಂದರು. ಅಂಗಿಯ ತೋಳು ಮಡಚಿ ನನ್ನ ಜಾಗದಲ್ಲಿ ಕೂತರು. ಮೊದಲು ಎಂದಿನಂತೆ ಮೆತ್ತಗೆ, ಒಡೆದೀತೆಂಬ ಹಾಗೆ ತಿರುಗಿಸಲು ನೋಡಿದರು. ಆಮೇಲೆ ಎದ್ದು ನಿಂತು, ಪಾನದ ತುದಿಯ ಮೇಲೆ ಕಾಲಿಟ್ಟು, ಮೈಯ ಭಾರವನ್ನೆಲ್ಲ ಹಾಕಿ ತುಳಿದರು.