ಕಲ್ಲಿದ್ದಲ ತೆರಿಗೆ, ಆರ್ವಿಡ್‌ನ ಕಡಸುಗಳು

ಮೊಂಟಾನಾದ ಆ ಊರಿನ ರಸ್ತೆ ಗಣಿ ಲಾರಿಗಳ ಓಡಾಟಕ್ಕೆ ಎಕ್ಕುಟ್ಟಿಹೋಗಿತ್ತು. ಶಾಲೆಯ ಬಸ್ಸು ಗುಂಡಿಯಿಂದ ಗುಂಡಿಗೆ ಬಿದ್ದೆದ್ದು ಬರಬೇಕು. ಆರ್ವಿಡ್‌ನ ಮೊಮ್ಮಗಳು ಹೋಗುವುದೂ ಅದರಲ್ಲೇ.

ಅದು ೧೯೭೬ರ ಅಕ್ಟೋಬರ್. ಮಾರುವ ಕರುಗಳನ್ನು ಬೇರೆ ಮಾಡುವ ದಿನ ನೆರೆಯ ಆಲ್ಮಾ ಸಹಾಯಕ್ಕೆ ಬಂದಿದ್ದಳು. ಬಸ್ಸು ಓಡಿಸುವವಳೂ ಅವಳೇ. ದೊಡ್ಡಿಯ ಗೇಟು ಅವಳ ಕೈಯಲ್ಲಿ, ಅಪ್ಪಣೆ ಆರ್ವಿಡ್‌ನದು.

"ಕಲ್ಲಿದ್ದಲ ತೆರಿಗೆ ದುಡ್ಡನ್ನ ನಿಧಿಲಿ ಹೂತಿಡ್ತಾರಂತೆ. ನಮಗೆ ಇವತ್ತು ರಸ್ತೆ ಬೇಕು. ಬರೋ ಚುನಾವಣೇಲಿ ನನ್ನ ವೋಟು ಬೇಡ ಅಂತ್ಲೇ. ಹೊಸ ತೆರಿಗೆ ಬೇರೆ," ಎಂದ ಆರ್ವಿಡ್.

"ಹೊಸದೆಲ್ಲಿಂದ ಬಂತು ಮಾರಾಯ? ಗಣಿಯವರು ಈಗ ಕಟ್ತಿರೋದೇ. ಅದ್ರಲ್ಲಿ ಕಾಲುಭಾಗ ಎತ್ತಿಡ್ತಾರೆ, ಮುಂದೆ ಅರ್ಧ. ಉಳಿದದ್ದು ರಸ್ತೆಗೆ, ಶಾಲೆಗೆ ಇದ್ದೇ ಇರತ್ತೆ. ಎತ್ತಿಟ್ಟಿದ್ದರ ಬಡ್ಡಿನೂ ಖರ್ಚಿಗೆ ಸಿಗತ್ತೆ."

"ಆಮೇಲೆ ಅಸಲನ್ನೂ ನುಂಗ್ತಾರೆ. ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗೆ."

"ಅದಕ್ಕೇ ಸಂವಿಧಾನದಲ್ಲಿ ಬರೆಸ್ತಿರೋದು. ಎರಡೂ ಸದನದಲ್ಲಿ ಮುಕ್ಕಾಲು ಜನ ಒಪ್ಪದೆ ಅಸಲು ಮುಟ್ಟೋ ಹಾಗಿಲ್ಲ."

ಅಷ್ಟರಲ್ಲಿ ಮೈಕೈ ತುಂಬಿಕೊಂಡ, ಇನ್ನೂ ಕರು ಹಾಕದ ಕಡಸೊಂದು ಗೇಟಿಗೆ ಬಂತು. ಬೇಲಿಯಾಚೆ ನಿಂತಿದ್ದ ವ್ಯಾಪಾರಿ ಒಳ್ಳೆ ಬೆಲೆ ಕೂಗಿದ.

"ಇದು ಇರ್ಲಿ," ಎಂದ ಆರ್ವಿಡ್.

"ಯಾಕೆ? ಮಾರಿ ರಸ್ತೆಗೆ ಜಲ್ಲಿ ಹಾಕ್ಸು."

"ತಲೆ ಕೆಟ್ಟಿದೆಯಾ ನಿಂಗೆ? ಕಡಸನ್ನೆಲ್ಲ ಮಾರಿದ್ರೆ ನಾಳೆ ಮಂದೆ ಎಲ್ಲಿಂದ ಬರತ್ತೆ?"

ಆಲ್ಮಾ ಕಡಸನ್ನು ಒಳಕ್ಕೆ ಬಿಟ್ಟು ಗೇಟು ಹಾಕಿದಳು. "ನಿಧೀನೂ ಹಾಗೇ. ನಾನು ಹುಟ್ಟಿದ ಊರಲ್ಲಿ ತಾಮ್ರ ತೆಗೀತಿದ್ರು. ತೆಗೆದಷ್ಟೂ ಉಂಡ್ರು. ತಾಮ್ರ ಮುಗೀತು, ನಾನು ಓದಿದ ಶಾಲೆಗೆ ಬೀಗ ಬಿತ್ತು. ನಮ್ಮಪ್ಪ ಮನೆ ಮಾರ್ತೀನಿ ಅಂದ್ರೆ ಕೊಳ್ಳೋರೇ ಇರ್ಲಿಲ್ಲ."

ಆರ್ವಿಡ್ ರಸ್ತೆಯ ಕಡೆ ನೋಡಿದ. ಬೀಗ ಬಿದ್ದ ಬಾಗಿಲ ಮುಂದೆ ತನ್ನ ಮೊಮ್ಮಗಳು ನಿಂತಂತೆನಿಸಿತು. ತಪ್ಪು ಲೆಕ್ಕ ಹಾಕಿದ್ದೆ ಎಂದು ಒಪ್ಪಿಕೊಳ್ಳುವುದು ಅವನ ಜಾಯಮಾನವಲ್ಲ.

"ಮತಪತ್ರದಲ್ಲಿ ಎಲ್ಲಿದೆಯಂತೆ ಅದು?" ಎಂದ. "ನಮ್ಮನೆಯವಳಿಗೂ ಹೇಳ್ಬೇಕು."

"ಕೆಳಗಡೆ. ಅಧ್ಯಕ್ಷರಿಗೆ ಗುರುತು ಹಾಕಿ ಎದ್ದು ಬಂದ್ಬಿಡ್ಬೇಡಿ ಇಬ್ಬರೂ."

ನೆರೆಹೊರೆಯವರೇ, ನವೆಂಬರ್ ಎರಡರ ಮತದಾನದಂದು ನೀವೂ ಅವಸರ ಮಾಡಬೇಡಿ. ಮತಪತ್ರವನ್ನು ಕೊನೆಯ ಸಾಲಿನವರೆಗೂ ಓದಿ, ನಿಧಿಯ ಪರವಾಗಿ ಗುರುತು ಹಾಕಿ. ಗೋಧಿ ಮುಂದಿನ ವರ್ಷವೂ ಬೆಳೆಯುತ್ತದೆ. ಕಲ್ಲಿದ್ದಲಿಗೆ ಎರಡನೇ ಬೆಳೆಯಿಲ್ಲ. ನಮ್ಮ ಮೊಮ್ಮಕ್ಕಳ ಪಾಲನ್ನೂ ಈಗ ನಾವೇ ಅಗೆಯುತ್ತಿದ್ದೇವೆ.