ಸೋಮವಾರ ದುಡಿಯದ ಸಮುದ್ರ

ಕುಲಗೋಡದ ಕೆಂಚಪ್ಪ ಸಮುದ್ರ ಕಂಡ ಮನುಷ್ಯ. ಮೂಡಲಗಿಯಿಂದ ಹುಕ್ಕೇರಿಯ ತನಕ ಯಾರನ್ನು ನಿಲ್ಲಿಸಿ ಕೇಳಿದರೂ ಇದೇ ಮಾತು ಬರುತ್ತಿತ್ತು. ಮನುಷ್ಯರ ಮಾತು ಹಾಗಿರಲಿ, ಎಮ್ಮೆಗಳಿಗೆ ಬಾಯಿ ಬಂದಿದ್ದರೆ ಅವೂ ಸಗಣಿ ಹಾಕುವುದನ್ನು ನಿಲ್ಲಿಸಿ ಇದನ್ನೇ ಹೇಳುತ್ತಿದ್ದವು. ಇಪ್ಪತ್ತು ವರ್ಷಗಳಿಂದ ಅವನು ಆ ಸಮುದ್ರವನ್ನು ಊರ ಬೇವಿನ ಕಟ್ಟೆಯ ಮೇಲೆ ಎಷ್ಟು ಸಲ ತಂದು ಸುರಿದಿದ್ದನೆಂದರೆ, ಕಟ್ಟೆಯ ಕಲ್ಲುಗಳು ಉಪ್ಪುಗಟ್ಟಿ, ಆಡುಗಳು ಬಂದು ನೆಕ್ಕಿ ಹೋಗುತ್ತಿದ್ದವು.

ಅವನು ಹೇಳುತ್ತಿದ್ದದ್ದು ಇಷ್ಟು. ಕಾರವಾರದ ಆಚೆ, ದಂಡೆಗೆ ಎದುರಾಗಿ ಒಂದು ನಡುಗಡ್ಡೆ ಇದೆ. ಸುಗ್ಗಿಯ ಕಣದಲ್ಲಿ ಜೋಳದ ರಾಶಿ ಬೀಳುವ ಹಾಗೆ ಅಲ್ಲಿ ಕವಡೆ, ಶಂಖ, ಚಿಪ್ಪುಗಳು ಬಿದ್ದಿರುತ್ತವೆ. ಬುಟ್ಟಿಗೆ ತುಂಬಿಕೊಳ್ಳುವುದೊಂದೇ ಕೆಲಸ. ದೋಣಿ ಬೇಡವೇ ಎಂದು ಯಾರಾದರೂ ಕೇಳಿದರೆ ಕೆಂಚಪ್ಪ ಮರುಕದಿಂದ ನಗುತ್ತಿದ್ದ. ಸೋಮವಾರ ಬಸವಣ್ಣನ ವಾರ. ಆ ದಿನ ಇಡೀ ಸೀಮೆಯಲ್ಲಿ ಒಂದು ಎತ್ತಿನ ಹೆಗಲಿಗೂ ನೊಗ ಇಡುವುದಿಲ್ಲ. ಸಮುದ್ರವೂ ಹಾಗೆಯೇ, ಅವತ್ತು ತೆರೆ ಹೂಡುವುದಿಲ್ಲ. ನೀರು ಹಿಂದೆ ಸರಿದು ಮೆಲುಕು ಹಾಕುತ್ತ ಮಲಗುತ್ತದೆ, ಜನ ಧೋತರದ ಅಂಚು ತೋಯದ ಹಾಗೆ ನಡುಗಡ್ಡೆಗೆ ನಡೆದು ಹೋಗಿ ಬರುತ್ತಾರೆ. ಕೇಳಿದ ರೈತರಿಗೆಲ್ಲ ಇದು ನ್ಯಾಯವಾಗಿಯೇ ಕಂಡಿತ್ತು. ಆರು ದಿನ ಹಗಲೂ ರಾತ್ರಿ ದುಡಿಯುವ ಸಮುದ್ರಕ್ಕೆ ಒಂದು ದಿನ ಬಿಡುವು ಬೇಡವೇ? ಸಾಕ್ಷಿ ಬೇಕೆಂದವರಿಗೆ ಕೆಂಚಪ್ಪನ ಎತ್ತಿನ ಕೊರಳಲ್ಲಿ ಕವಡೆಯ ಸರ ಇತ್ತು. ಅದರ ಹೊಳಪಿಗೆ ಕತ್ತಲಲ್ಲೂ ಕೊಟ್ಟಿಗೆಯಲ್ಲಿ ದೀಪ ಬೇಕಾಗುತ್ತಿರಲಿಲ್ಲ.

ತೊಡಕು ಒಂದೇ. ಕೆಂಚಪ್ಪ ಸಮುದ್ರವನ್ನು ನೋಡಿರಲಿಲ್ಲ. ಅವನು ಕಂಡ ಅತಿ ದೊಡ್ಡ ನೀರೆಂದರೆ ಗೋಕಾಕದ ಧಬಧಬಿ. ಅಲ್ಲಿಯೂ ನೀರು ಬೀಳುವ ಸಪ್ಪಳಕ್ಕೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದರಿಂದ ಅದನ್ನೂ ಪೂರಾ ನೋಡಿದ್ದನೆನ್ನುವಂತಿಲ್ಲ.

ಸಮುದ್ರ ಕಂಡವನು ಕುರುಬರ ಮಾಳಪ್ಪ. ಹರೆಯದಲ್ಲಿ ಕಂಬಳಿ ಮಾರಲು ಘಟ್ಟ ಇಳಿದು ಕರಾವಳಿಗೆ ಹೋಗಿ ಬಂದವನು. ಪ್ರತಿ ಸುಗ್ಗಿ ಮುಗಿದ ಮೇಲೆ ಅವನ ಕುರಿ ಹಿಂಡು ಗೊಬ್ಬರಕ್ಕೆಂದು ಕೆಂಚಪ್ಪನ ಹೊಲದಲ್ಲಿ ಕೂಡ್ರುತ್ತಿತ್ತು. ಅದಕ್ಕೆ ಪ್ರತಿಯಾಗಿ ಕೆಂಚಪ್ಪ ಜೋಳ ಅಳೆದು ಕೊಡುತ್ತಿದ್ದ. ಕವಡೆಗಳೂ ಮಾಳಪ್ಪನವೇ, ಎರಡು ಬುಟ್ಟಿ ಹೆಚ್ಚಿನ ಜೋಳಕ್ಕೆ ಬಂದವು. ಆದರೆ ಮಾಳಪ್ಪ ವರ್ಷಕ್ಕೆ ಒಂಬತ್ತೇ ಮಾತು ಆಡುವವನು. ಒಂದು ಮಾತಿನಿಂದ ಇನ್ನೊಂದರ ನಡುವೆ ಇಡೀ ಕಾರವಾರ ಜಿಲ್ಲೆ ಹಿಡಿಸುವಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಅದನ್ನು ಕೆಂಚಪ್ಪ ತುಂಬಿಕೊಂಡಿದ್ದ.

ಮೂವತ್ತಾರನೇ ಇಸವಿಯ ಹೋಳಿ ಮುಗಿದ ಮರುದಿನ, ಸೋಮವಾರ, ಎತ್ತುಗಳೂ ಜನರೂ ಬಿಡುವಾಗಿದ್ದಾಗ, ಕಟ್ಟೆಯ ಮೇಲೆ ಕಾಳಿನ ವ್ಯಾಪಾರದ ರಾಚಪ್ಪ ತೊಡೆ ತಟ್ಟಿದ.

“ಲೇ ಕೆಂಚ್ಯಾ, ಈ ಕಾರಹುಣ್ಣಿವಿಗೆ ನನ್ನ ಎತ್ತಿನ ಕೊಳ್ಳಾಗೂ ಕವಡಿ ಸರ ಬೇಕು. ಕಿವಿಲೇ ಕೇಳಿ ಕೇಳಿ ಸಾಕಾತು. ನಡಿ, ನಿನ್ನ ಸಮುದ್ರಾ ತೋರಸು.”

“ನಾನೂ ಬರತೇನಿ,” ಎಂದ ಬಾಜೂ ಹೊಲದ ಅಲ್ಲಪ್ಪ. ಕೆಂಚಪ್ಪ ಚಂದ್ರನಲ್ಲಿ ಕಬ್ಬು ಬೆಳೆಯುತ್ತದೆ ಎಂದರೆ ಬೀಜ ಕೇಳುವ ಮನುಷ್ಯ ಇವನು. “ಎರಡು ಚೀಲಾ ತರತೇನಿ. ಒಂದು ಕವಡಿಗೆ, ಒಂದು ಉಪ್ಪಿಗೆ. ಪುಕಟ ಸಿಗತೈತಲ್ಲ!”

ಕೆಂಚಪ್ಪನ ಬಾಯಿಯ ಎಲೆ ಅಡಿಕೆ ಗಂಟಲಿಗೆ ಸಿಕ್ಕಿತು. “ಹಾದಿ ಹಗರ ಐತಿ ಅಂತ ತಿಳದೀರೇನು? ಘಟ್ಟದಾಗ ಹುಲಿ ಅದಾವು.”

“ಹುಬ್ಬಳ್ಳಿ ಮಟಾ ರೇಲ್ವೆ, ಅಲ್ಲಿಂದ ಕಾರವಾರಕ್ಕ ಸರ್ವೀಸ್ ಮೋಟಾರು,” ಎಂದ ರಾಚಪ್ಪ. “ಎಲ್ಲಾ ಕೇಳಿಕೊಂಡು ಬಂದೇನಿ.”

“ಹುಲಿ ಮೋಟಾರಿನಾಗ ಹತ್ತತಾವು.”

“ಹತ್ತಲಿ. ಟಿಕೀಟ ತಗೋತಾವಿಲ್ಲೋ?”

“ವಾರಗಟ್ಟಲೆ ಇಟ್ರ ರೊಟ್ಟಿ ಕೆಡತಾವು.”

“ಖಡಕ್ ರೊಟ್ಟಿ ಒಯ್ದರ ನಿನ್ನ ಮಾತಿಗಿಂತಾ ಜಾಸ್ತಿ ದಿನ ಬಾಳತಾವು.”

ಶನಿವಾರ ಹೊರಡುವುದು, ಸೋಮವಾರ ನಡುಗಡ್ಡೆಗೆ ಇಳಿಯುವುದು ಎಂದು ಅಲ್ಲಿಯೇ ಗಟ್ಟಿಯಾಯಿತು.

ಅಂದಿನಿಂದ ಕೆಂಚಪ್ಪನಿಗೆ ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಅಂಗಳದಲ್ಲಿ ಅಡ್ಡಾಡಿ ಅಡ್ಡಾಡಿ ಮೊಣಕಾಲುದ್ದ ಕಾಲುವೆ ಬಿತ್ತು. ಹೆಂಡತಿ ಕಾಶೆವ್ವ ಅದರಲ್ಲಿ ಮೆಣಸಿನ ಸಸಿ ಹಚ್ಚುವ ವಿಚಾರ ಮಾಡಿದಳು. ಊಟಕ್ಕೆ ಕೂತವನು ಅರ್ಧ ರೊಟ್ಟಿಗೆ ಎದ್ದು ಬಾಗಿಲಿಗೆ ಹೋಗಿ ಪಡುವಣ ದಿಕ್ಕು ನೋಡಿ ಬರುತ್ತಿದ್ದ. ಹಾಗೆ ನೋಡುತ್ತಿದ್ದದ್ದು ಹೆದರಿಕೆಗೆ ಮಾತ್ರವಲ್ಲ. ಇಪ್ಪತ್ತು ವರ್ಷ ಬಾಯಲ್ಲಿ ತುಂಬಿಕೊಂಡ ನೀರನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂಬ ಆಸೆ ಅವನಷ್ಟು ಯಾರಿಗೂ ಇರಲಿಲ್ಲ. ಬುಧವಾರದ ಹೊತ್ತಿಗೆ ಅವನಿಗೊಂದು ಧೈರ್ಯವೂ ಬಂತು. ಹೋದರಾಯಿತು! ಮೊದಲ ಸಲ ನೋಡುವವನು ನಾನೆಂದು ಸಮುದ್ರವೇನು ಬಾಯಿ ಬಿಟ್ಟು ಹೇಳುತ್ತದೆಯೇ? ‘ಏನವಾ, ಆರಾಮ ಇದ್ದೀ?’ ಎಂದು ಹಳೆಯ ಗುರುತಿನವನ ಹಾಗೆ ಮಾತಾಡಿಸಿದರಾಯಿತು.

ಗುರುವಾರ ಬೆಳಿಗ್ಗೆ ಆ ಧೈರ್ಯದಲ್ಲಿಯೇ ಹೊಲಕ್ಕೆ ಹೋದ. ಮಾಳಪ್ಪ ರಾತ್ರಿ ಕೂಡ್ರಿಸಿದ್ದ ಕುರಿಗಳನ್ನು ಎಬ್ಬಿಸುತ್ತಿದ್ದ.

“ಸಾವಕಾರ್ರ, ಸಮುದ್ರಕ್ಕ ಹೊಂಟೀರಂತ?”

“ಹೂಂನೋ.”

“ನಡುಗಡ್ಡಿಗೆ ಯಾವಾಗ ಇಳಿಯಾವ್ರು?”

“ಸೋಮವಾರ. ನೀನ ಹೇಳಿದ್ದ್ಯಲ್ಲ, ಸೋಮವಾರ ನಡಕೊಂತ ಹೋಗಿದ್ದೆ ಅಂತ?”

“ಹೇಳಿದ್ದೆ. ಅವತ್ತ ಅಮಾಸಿ ಇತ್ತರಿ.”

ಕೆಂಚಪ್ಪನಿಗೆ ನೆನಪಾಯಿತು. ಮಾಳಪ್ಪ ಅಮಾವಾಸ್ಯೆ ಎಂದಿದ್ದ, ನಿಜ. ಕಥೆಗೆ ಬಸವಣ್ಣನ ವಾರ ಚೆಂದ ಕೂಡುತ್ತದೆಂದು ಇವನೇ ಅಮಾವಾಸ್ಯೆಯನ್ನು ತೆಗೆದು ಹಾಕಿದ್ದ.

“ಅಮಾಸಿ ಇಲ್ಲಂದ್ರ ಏನಾಗತೈತೋ?”

ಮಾಳಪ್ಪ ಕೋಲನ್ನು ನೆಲಕ್ಕೆ ಊರಿದ. “ನೀರಿಗೆ ವಾರ ಗೊತ್ತಿಲ್ಲರಿ, ಚಂದ್ರಾಮ ಗೊತ್ತು. ಅಮಾಸಿಗೆ, ಹುಣ್ಣಿವಿಗೆ ಭಾಳ ದೂರ ಸರೀತೈತಿ. ಆವಾಗ ಹಾದಿ ಬೀಳತೈತಿ. ಈ ಸೋಮವಾರ ಅಷ್ಟಮಿ. ಸರದಂಗ ಮಾಡಿ ತಿರಗತೈತಿ. ನಡು ಹಾದ್ಯಾಗ ಇದ್ದಾಗ ಹಿಂದಿಂದ ಬಂದ್ರ ಮುಗೀತು. ನನ್ನ ಕಣ್ಣ ಮುಂದ ಒಂದು ಎತ್ತು ಹೋತು, ಈಸೂ ಎತ್ತು. ನಿಮ್ಮ ಮೂರೂ ಮಂದ್ಯಾಗ ಈಸಾಕ ಯಾರಿಗೆ ಬರತೈತಿ?”

ಹತ್ತು ವರ್ಷದ ಮಾತನ್ನು ಒಮ್ಮೆಲೇ ಆಡಿ ಮುಗಿಸಿದ್ದರಿಂದ ಮಾಳಪ್ಪನಿಗೆ ಏದುಸಿರು ಬಂತು. ಕೆಂಚಪ್ಪನಿಗೆ ಅದಕ್ಕಿಂತ ಹೆಚ್ಚು. ಈಜು ಹಾಗಿರಲಿ, ಅಲ್ಲಪ್ಪ ಬಾವಿಯೊಳಗೆ ಇಣುಕುವಾಗಲೂ ಗಿಡ ಹಿಡಿದುಕೊಳ್ಳುತ್ತಿದ್ದ.

“ನಾನು ಹೋಗಿ ರಾಚಪ್ಪ ಸಾವಕಾರ್ರಗ ಹೇಳ್ಲಿ?”

“ಬ್ಯಾಡೋ ಮಾರಾಯಾ! ಕುರಬಗ ಗೊತ್ತಿದ್ದದ್ದು ನಿನಗ್ಯಾಕ ಗೊತ್ತಿಲ್ಲ ಅಂತ ನನ್ನ ಕೇಳತಾರ.”

“ಕೇಳತಾರರಿ. ಅದಕ್ಕ ಮೊದಲ ನಿಮಗ ಹೇಳಿದೆ,” ಎಂದು ಮಾಳಪ್ಪ ಕುರಿ ಹೊಡೆದುಕೊಂಡು ಹೋದ.

ಕೆಂಚಪ್ಪ ಹೊಲದಿಂದ ಮನೆಗೆ ಬರಲಿಲ್ಲ, ನೆಟ್ಟಗೆ ರಾಚಪ್ಪನ ಅಂಗಡಿಗೆ ಹೋದ. ಸಮುದ್ರ ಮೂರು ವಾರದಲ್ಲಿ ಓಡಿ ಹೋಗುವುದಿಲ್ಲ, ದವನದ ಹುಣ್ಣಿಮೆಗೆ ಹೋಗೋಣ ಎಂದ. ಯಾಕೆ ಎಂದಾಗ ಬೆಳುದಿಂಗಳು ಚೆಂದ ಇರುತ್ತದೆ ಎಂದ.

“ನಮಗೇನು ಹೊಸಾ ಲಗ್ನ ಆಗೇತೇನು, ಬೆಳದಿಂಗಳ ನೋಡಾಕ?” ಎಂದ ರಾಚಪ್ಪ. “ಯುಗಾದಿ ಆದ ಮ್ಯಾಲ ನನಗ ಬಿಡುವಿಲ್ಲ.”

“ನನಗ ಮೈಯಾಗ ಆರಾಮಿಲ್ಲ.”

“ಹಂಗಾರ ನೀ ಮನ್ಯಾಗ ಮಲಕೋ. ಹಾದಿ ನಿನಗಿಂತಾ ನಮಗ ಬಾಯಿಪಾಠ ಐತಿ. ನಾನೂ ಅಲ್ಲಪ್ಪನೂ ಹೋಗತೇವಿ, ನಿನಗೊಂದು ಬುಟ್ಟಿ ಕವಡಿ ತರತೇವಿ.”

ತಪ್ಪಿಸಿಕೊಳ್ಳುವ ಕೊನೆಯ ಹಾದಿಯೂ ಮುಚ್ಚಿತು. ಇವನು ಹೋದರೂ ಅವರು ನೀರಿಗೆ ಇಳಿಯುವವರೇ, ಹೋಗದಿದ್ದರೂ ಇಳಿಯುವವರೇ. ಶುಕ್ರವಾರ ಹಗಲೆಲ್ಲ ಕೆಂಚಪ್ಪ ಊರ ಸುತ್ತ ತಿರುಗಿದ. ಅವತ್ತು ಅವನು ನಡೆದದ್ದನ್ನು ನೆಟ್ಟಗೆ ಹಾಸಿದ್ದರೆ ಕಾರವಾರ ಮುಟ್ಟಿ ಗೋವಾದ ಕಡೆ ಹೊರಳುತ್ತಿತ್ತು. ಸಮುದ್ರ ಕಂಡವನೆಂಬ ಹೆಸರು ಬಿಟ್ಟರೆ ತನ್ನಲ್ಲಿ ಏನಿದೆ? ನಾಲ್ಕು ಎಕರೆ ಎರಿ ಹೊಲ, ಎರಡು ಎತ್ತು. ಅಂಥವರು ಕುಲಗೋಡದಲ್ಲಿ ಮೂರು ಸಾವಿರ ಮಂದಿ.

ಶನಿವಾರ ಬೆಳಿಗ್ಗೆ ರಾಚಪ್ಪನ ಚಕ್ಕಡಿ ಕೆಂಚಪ್ಪನ ಬಾಗಿಲಿಗೆ ಬಂತು. ಒಳಗೆ ಅಲ್ಲಪ್ಪ ತನ್ನ ಎರಡು ಚೀಲ ಅಪ್ಪಿಕೊಂಡು ಮದುಮಗನ ಹಾಗೆ ಕೂತಿದ್ದ. ಕೆಂಚಪ್ಪ ಹೊರಗೆ ಬಂದು ಎತ್ತಿನ ಮುಂದೆ ನಿಂತ.

“ನಾ ಸಮುದ್ರಾ ನೋಡಿಲ್ಲ.”

ರಾಚಪ್ಪ ನಕ್ಕ ನಗುವಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದು ಗೋಕಾಕಕ್ಕೆ ಹಾರಿದವು. “ಏ ಅಲ್ಲಪ್ಪ, ನೋಡೋ ಇವನ ಹೊಸಾ ಆಟ! ಬರಾಕ ಹೆದರಿ ಸುಳ್ಳ ಹೇಳಾಕತ್ತಾನ.”

“ಖರೇ ಹೇಳತೇನಿ. ಎಲ್ಲಾ ಮಾಳಪ್ಪ ಹೇಳಿದ್ದು. ಸೋಮವಾರದ್ದು ನಾನ ಹುಟ್ಟಿಸಿದ್ದು, ಹಾದಿ ಬೀಳೂದು ಅಮಾಸಿಗೆ, ಹುಣ್ಣಿವಿಗೆ. ನೀರಿನಾಗ ಇಳದ್ರ ತಿರಗಿ ಬರೂದಿಲ್ಲ ನೀವು.”

“ನೋಡಲಾರದ ಅಷ್ಟ ಚಂದ ಹೇಳಾಕ ಬರತೈತೇನು?” ಎಂದ ಅಲ್ಲಪ್ಪ, ಸಣ್ಣ ಮುಖ ಮಾಡಿ. “ತೆರಿ ಎತ್ತಿನ ಹೆಗಲ ಮ್ಯಾಲಿನ ಇಣಿಗತೆ ಮ್ಯಾಲೇಳತೈತಿ ಅಂತ ಹೇಳಿದ್ದಿ. ನಾ ಕನಸಿನಾಗ ಸೈತ ನೋಡೇನಿ.”

ಕೆಂಚಪ್ಪ ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ. ರಾಚಪ್ಪ ತಲೆ ಅಲ್ಲಾಡಿಸಿ ಎತ್ತಿನ ಬಾಲ ತಿರುವಿದ. ಕೆಂಚಪ್ಪ ಗಾಲಿಯ ಮುಂದೆ ಅಡ್ಡ ಮಲಗಿಬಿಟ್ಟ. ಇಪ್ಪತ್ತು ವರ್ಷ ಸುಳ್ಳನ್ನು ಕಣ್ಣು ಮುಚ್ಚಿ ನಂಬಿದವರು ಒಂದೇ ಒಂದು ಖರೆ ಮಾತಿನ ಮೇಲೆ ಗಾಲಿ ಹಾಯಿಸಿ ಹೋಗುವವರಿದ್ದರು.

ಅಷ್ಟರಲ್ಲಿ ರೊಟ್ಟಿಯ ಗಂಟು ಹಿಡಿದು ಕಾಶೆವ್ವ ಹೊಸ್ತಿಲು ದಾಟಿ ಬಂದಳು.

“ರಾಚಪ್ಪಣ್ಣಾ, ಎತ್ತು ನಿಂದರ್ಸು. ಇವ್ರು ಖರೇನ ಹೇಳಾಕತ್ತಾರ. ನನ್ನ ಲಗ್ನ ಆಗಿ ಇಪ್ಪತ್ತಾರು ವರ್ಷಾತು. ಒಂದ ದಿನಾನೂ ಹೊತ್ತು ಮುಣಗೂದ್ರಾಗ ಮನಿಗೆ ಬರೂದು ತಪ್ಪಿಸಿಲ್ಲ. ಕಾರವಾರಕ್ಕ ಯಾವಾಗ ಹೋಗಿದ್ರು? ಉಂಡು ಕೈ ತೊಳ್ಯಾಕ ಹಿತ್ತಲಕ್ಕ ಹೋದಾಗೇನು?”

ರಾಚಪ್ಪನ ಕೈಯಲ್ಲಿನ ಬಾರಕೋಲು ತಾನಾಗಿ ಕೆಳಗಿಳಿಯಿತು. “ವೈನಿ, ಹಂಗಾರ ಇಷ್ಟ ವರ್ಷ ಯಾಕ ಸುಮ್ಮನಿದ್ರಿ?”

“ಕೇಳಾಕ ಚಂದ ಇತ್ತು,” ಎಂದಳು ಕಾಶೆವ್ವ.

ಅಲ್ಲಪ್ಪ ಎರಡೂ ಚೀಲಗಳನ್ನು ನೆಲಕ್ಕೆ ಹಾಕಿ ಅವುಗಳ ಮೇಲೆ ತಾನೂ ಕುಸಿದ. ರಾಚಪ್ಪ ಬೈದ ಬೈಗುಳವನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಂಡೀತು. ಕೆಂಚಪ್ಪನ ಅಜ್ಜನಿಂದ ಹಿಡಿದು ಇನ್ನೂ ಹುಟ್ಟದ ಮೊಮ್ಮಗನ ತನಕ ಯಾರನ್ನೂ ಅವನು ಬಿಡಲಿಲ್ಲ. ಕೆಂಚಪ್ಪ ಧೂಳಿನಲ್ಲಿ ಮಲಗಿಯೇ ಎಲ್ಲವನ್ನೂ ಕೇಳಿಸಿಕೊಂಡ. ಬೈದು ದಣಿದ ಮೇಲೆ ರಾಚಪ್ಪ ಉಸಿರು ಬಿಟ್ಟ.

“ಮಾಳಪ್ಪ ಎಲ್ಲದಾನ?”

“ನನ್ನ ಹೊಲದಾಗ.”

“ನಡೀರಿ. ಅವನ್ನ ಕರಕೊಂಡು ಹುಣ್ಣಿವಿಗೆ ಹೋಗೂನು. ಅಂಗಡಿ ಹಾಳಾಗಿ ಹೋಗಲಿ.”

“ನಾನು ಚೀಲಾ ಹೊರತೇನಿ,” ಎಂದು ಕೆಂಚಪ್ಪ ಎದ್ದು ಕೂತ. “ಅಡಗಿ ಮಾಡತೇನಿ. ಹಿಂದ ಹಿಂದ ಬರತೇನಿ.”

“ಬಾ. ಹಾದ್ಯಾಗ ಬಾಯಿ ತೆರದ್ರ ಘಟ್ಟದಾಗ ಇಳಿಸಿ ಹೋಗತೇನಿ.”

“ನಾನೂ ಬರತೇನಿ,” ಎಂದಳು ಕಾಶೆವ್ವ. “ಕವಡಿ ಹೆಂಗ ಬಿದ್ದಿರತಾವು ನಾನ ನೋಡತೇನಿ.”

ಚಕ್ಕಡಿ ಹೊಲದ ಕಡೆ ತಿರುಗಿತು. ಆದರೆ ಕೆಂಚಪ್ಪನಿಗೆ ಅದರಲ್ಲಿ ಕೂಡ್ರುವಷ್ಟು ತಾಳ್ಮೆ ಎಲ್ಲಿಯದು? ಧೋತರ ಮೇಲೆ ಕಟ್ಟಿ ಎತ್ತುಗಳಿಗಿಂತ ಮುಂದೆ ಓಡಿದ. ಬದುವಿನ ಮೇಲೆ ಕೂತಿದ್ದ ಮಾಳಪ್ಪ ತಲೆ ಎತ್ತುವುದರೊಳಗೆ ಅವನ ಮುಂದೆ ನಿಂತಿದ್ದ, ಮೈಯೆಲ್ಲ ಧೂಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ. ಸಮುದ್ರ ಕಂಡವನೆಂಬ ಹೆಸರಿದ್ದಾಗ ಯಾರನ್ನೂ ಏನೂ ಕೇಳುವಂತಿರಲಿಲ್ಲ. ಈಗ ಕೇಳಬಹುದಿತ್ತು.

“ಮಾಳಪ್ಪಾ, ಆಚಿ ದಂಡಿ ಖರೇನ ಕಾಣೂದಿಲ್ಲೇನು? ಒಟ್ಟ ಕಾಣೂದಿಲ್ಲೋ, ಸಣ್ಣಗೆ ಕಾಣತೈತೋ? ಮೊದಲ ನೀರು ಕಾಣತೈತೋ, ಸಪ್ಪಳಾ ಕೇಳತೈತೋ? ನೀ ಮೊದಲನೇ ಸಲ ನೋಡಿದಾಗ ನಿಂತಿದ್ದ್ಯೋ, ಕೂತ್ಯೋ?”